ಹಿಮದೂರಿನಲ್ಲಿ ಅನುಮಾನ ಪಡುವ ಕೆಲಸ

ನಾನು ಎಲ್ಲಿ ಹೋದರೂ ನನ್ನ ಕಣ್ಣೆದುರಿಗೇ ಏನಾದರೊಂದು ಕಳ್ಳಾಟ ನಡೆಯುತ್ತಿರುತ್ತದೆ. "ನಡೆಯೋದು ಎಲ್ಲರ ಮುಂದೆಯೂ ನಡೆಯತ್ತೆ ಕಣೇ, ನೀನು ಎಲ್ಲರನ್ನೂ ಅನುಮಾನದಿಂದ ನೋಡ್ತೀಯಲ್ಲ, ಅದಕ್ಕೇ ನಿಂಗೆ ಕಾಣತ್ತೆ" ಎನ್ನುವುದು ನನ್ನ ಗಂಡನ ವಾದ. ಇರಬಹುದು. ನನ್ನ ಅಮ್ಮ ದಾವಣಗೆರೆಯಲ್ಲಿ ಮೇಡಂ ಆಗಿದ್ದವಳು, ವರ್ಷಾ ವರ್ಷಾ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೊಠಡಿ ಕಾಯುತ್ತಿದ್ದವಳು. ಹುಡುಗ ಕೆಮ್ಮಿದರೆ ಅವನ ಕರ್ಚೀಫು ಬಿಡಿಸಿ ನೋಡುತ್ತಿದ್ದಳು. ನಾನು ಅವಳ ಹೊಟ್ಟೆಯಲ್ಲೇ ಹುಟ್ಟಿದ್ದು.

ಓದಿದ್ದು ಫಿಸಿಯೋಥೆರಪಿ. ಕ್ಯೋಟೋಗೆ ಬಂದದ್ದು ಡಾಕ್ಟರೇಟ್ ಮಾಡಲು. ಅಷ್ಟರಲ್ಲಿ ಕೊರೊನಾ ಬಂದು ಜಪಾನ್ ತನ್ನ ಬಾಗಿಲು ಹಾಕಿಕೊಂಡಿತು. ಚಳಿಗಾಲದ ಅಂಗವಿಕಲರ ಕ್ರೀಡೆಗಳಿಗೆ ಹೊರದೇಶದಿಂದ ಬರುತ್ತಿದ್ದ ಪರೀಕ್ಷಕರು ಬರುವಂತಿರಲಿಲ್ಲ. ದೇಶದ ಒಳಗೆ ಸಿಕ್ಕಿಹಾಕಿಕೊಂಡವರನ್ನೇ ಹುಡುಕಿ ತರಬೇತಿ ಕೊಟ್ಟರು. ಹಾಗೆ ಸಿಕ್ಕಿದವಳು ನಾನು.

ಕೆಲಸ ಇಷ್ಟೇ. ಒಂದು ಕಾಲಿಲ್ಲದವರು, ಕಣ್ಣು ಕಾಣದವರು, ಸೊಂಟದ ಕೆಳಗೆ ಶಕ್ತಿ ಇಲ್ಲದವರು, ಎಲ್ಲರೂ ಒಂದೇ ಇಳಿಜಾರಿನಲ್ಲಿ ಹಿಮದ ಮೇಲೆ ಜಾರಿ ಬರುತ್ತಾರೆ. ನಿಂತು ಜಾರುವವರು, ಕೂತು ಜಾರುವವರು, ದೃಷ್ಟಿ ಇಲ್ಲದವರು ಎಂದು ಮೂರು ಗುಂಪು. ಗುಂಪಿನೊಳಗೆ ಮತ್ತೆ ನಂಬರಿನ ವರ್ಗಗಳು. ಹೆಚ್ಚು ತೊಂದರೆ ಇರುವವರಿಗೆ ಗಡಿಯಾರ ನಿಧಾನಕ್ಕೆ ಓಡಿದ ಹಾಗೆ ಸಮಯ ಹಾಕುತ್ತಾರೆ. ಯಾರು ಯಾವ ವರ್ಗ ಎಂದು ಮೈಮುಟ್ಟಿ ಪರೀಕ್ಷಿಸಿ ಹೇಳುವವರು ನಾವು. ಇರುವ ಶಕ್ತಿಯನ್ನು ಬಚ್ಚಿಟ್ಟು ಕೆಳಗಿನ ವರ್ಗಕ್ಕೆ ನುಸುಳಿಕೊಂಡರೆ ಪದಕ ಸುಲಭ. ಆದ್ದರಿಂದ ತರಬೇತಿಯ ಮೊದಲ ಪಾಠವೇ "ಅನುಮಾನ ಇರಲಿ". ನನಗೆ ಆ ಪಾಠ ಬೇಕಾಗಿರಲಿಲ್ಲ.

ಮೊದಲ ಕೇಸು ಮನೆಯಲ್ಲೇ

ನನ್ನ ಗಂಡನ ಆಫೀಸು ದೂರದ ಕಾವಾಸಾಕಿ ಊರಿನಲ್ಲಿ. ಕೊರೊನಾದಿಂದ ವರ್ಕ್ ಫ್ರಮ್ ಹೋಮ್ ಬಂದು, ಲ್ಯಾಪ್‌ಟಾಪ್ ಹಿಡಿದುಕೊಂಡು ಕ್ಯೋಟೋದ ನನ್ನ ಪುಟ್ಟ ಮನೆಗೇ ಬಂದಿದ್ದರು. ಬಂದ ವಾರದಿಂದ ಬೆನ್ನುನೋವು. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಬಂದೆ. ನೋವು ಬರುತ್ತಿದ್ದುದು ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಎಂಟರ ಒಳಗೆ ಮಾತ್ರ. ನಮ್ಮ ಬೀದಿಯಲ್ಲಿ ಅಡುಗೆಮನೆ ಕಸದ ಚೀಲ ಕೆಳಗೆ ಇಟ್ಟು ಬರಬೇಕಾದ ದಿನಗಳು ಅವೇ.

ಆ ಸಮಯಕ್ಕೆ ಸರಿಯಾಗಿ ನಮ್ಮ ತರಬೇತಿ ಜೂಮಿನಲ್ಲಿ ಶುರುವಾಯಿತು. ಎಲ್ಲೋ ದೂರದ ದೇಶದ ತರಬೇತುದಾರರು, "ಮನೆಯಲ್ಲಿ ಯಾರನ್ನಾದರೂ ಮಲಗಿಸಿ ಪರೀಕ್ಷೆ ಮಾಡಿ ತೋರಿಸಿ" ಎಂದರು. ನಾನು ಗಂಡನನ್ನು ಊಟದ ಮೇಜಿನ ಮೇಲೆ ಮಲಗಿಸಿದೆ.

"ನಂಗೆ ಬ್ಯಾಕ್ ಪೇನ್ ಇದೆ ಅಂತ ಅವ್ರಿಗೆ ಹೇಳು" ಎಂದು ಮೆಲ್ಲಗೆ ಅಂದರು.

"ನೀವೇ ಹೇಳ್ರೀ, ಮೈಕ್ ಆನ್ ಇದೆ."

ಹೇಳಿದರು. ಸಾಕಷ್ಟು ಮುಖ ಹಿಂಡಿ ಹೇಳಿದರು. ನಾನು ಕಾಲೆತ್ತಿಸಿದೆ, ಮಡಚಿಸಿದೆ, ಬಗ್ಗಿಸಿದೆ. ತರಬೇತುದಾರರು ಕನ್ನಡಕ ಸರಿಮಾಡಿಕೊಂಡು ನೋಡಿ, ನಿಯಮದ ಪ್ರಕಾರ ಬರೀ ನೋವು ಲೆಕ್ಕಕ್ಕೆ ಬರುವುದಿಲ್ಲವೆಂದೂ, ಸ್ನಾಯುಗಳೆಲ್ಲ ಅತ್ಯುತ್ತಮವಾಗಿವೆಯೆಂದೂ ಹೇಳಿ, ಹದಿನಾಲ್ಕು ಜನರ ಎದುರು "ಅನರ್ಹ" ಎಂದು ತೀರ್ಪು ಕೊಟ್ಟರು.

ಮುಂದಿನ ಮಂಗಳವಾರ ಗಂಡ ಸೊಂಟ ಹಿಡಿದುಕೊಂಡು ಕೇಳಿದರು, "ಇದಕ್ಕೆ ಅಪೀಲು ಗಿಪೀಲು ಏನೂ ಇಲ್ವೇನೇ?"

"ಇದೆ" ಅಂದೆ. "ಕಸ ಇಟ್ಟು ಬನ್ನಿ, ಫಾರ್ಮ್ ಕೊಡ್ತೀನಿ."

ಮೂವತ್ತಾರೂವರೆ

ಆ ಚಳಿಗಾಲ ನಮ್ಮ ಪರೀಕ್ಷೆ ನಡೆದದ್ದು ನಾಗಾನೋ ಬೆಟ್ಟಗಳ ಕಡೆಯ ಒಂದು ಹಿಮದೂರಿನ ಸಮುದಾಯ ಭವನದಲ್ಲಿ. ಬಾಗಿಲಲ್ಲಿ ಜ್ವರ ನೋಡುವ ಯಂತ್ರ ಹಿಡಿದು ಊರಿನ ಒಬ್ಬ ತಾತ ಸ್ವಯಂಸೇವಕರಾಗಿ ನಿಂತಿದ್ದರು. ಬಂದವರ ಹಣೆ ಟೋಪಿ ಮತ್ತು ಹಿಮದ ದೊಡ್ಡ ಕನ್ನಡಕದಲ್ಲಿ ಮುಚ್ಚಿರುತ್ತಿತ್ತು. ಹಾಗಾಗಿ ಮುಂಗೈಗೆ ಯಂತ್ರ ಹಿಡಿದು, ನೋಡಿ, ಪುಸ್ತಕದಲ್ಲಿ ಬರೆಯುತ್ತಿದ್ದರು.

ನಾನು ಮೊದಲನೇ ದಿನ ಆ ಪುಸ್ತಕ ತೆಗೆದು ನೋಡಿದೆ. ಎಲ್ಲರಿಗೂ ಮೂವತ್ತಾರೂವರೆ ಡಿಗ್ರಿ ಸೆಲ್ಸಿಯಸ್, ಅಂದರೆ ಜ್ವರವಿಲ್ಲ. ಬಂದವರು ಮೂವತ್ತು ಜನ, ಒಬ್ಬರಿಗೂ ಒಂದು ಗೆರೆ ಆಚೆ ಈಚೆ ಇಲ್ಲ. ಅಮ್ಮನ ಕೊಠಡಿಯಲ್ಲಿ ಮೂವತ್ತು ಹುಡುಗರು ಒಂದೇ ಲೆಕ್ಕವನ್ನು ಒಂದೇ ರೀತಿ ತಪ್ಪು ಮಾಡಿದ್ದರೆ ಏನಾಗುತ್ತಿತ್ತೋ ಅದೇ ನನಗೂ ಆಯಿತು. ಮರುದಿನ ಬೆಳಿಗ್ಗೆ ಶೂ ಕಪಾಟಿನ ಹಿಂದೆ ನಿಂತುಕೊಂಡೆ.

ನಿಂತು ಜಾರುವ ಗುಂಪಿನ ಒಬ್ಬ ಯುವಕ ಬಂದ. ಅವನ ಬಲಗೈ ಕೃತಕ. ಅದೇ ಕೈಯನ್ನು ಚಾಚಿದ. ತಾತ ಯಂತ್ರ ಹಿಡಿದರು. ಯಂತ್ರ ಏನೂ ತೋರಿಸಲಿಲ್ಲ. ತಾತ ಯಂತ್ರ ನೋಡಿದರು, ಕೈ ನೋಡಿದರು, ಯುವಕನ ಮುಖ ನೋಡಿದರು, ತಲೆ ಬಾಗಿಸಿ ಮೂವತ್ತಾರೂವರೆ ಎಂದು ಬರೆದರು.

ನಾನು ಕಪಾಟಿನ ಹಿಂದಿನಿಂದ ಹೊರಗೆ ಬಂದೆ. "ಸುಮಿಮಾಸೆನ್, ಕ್ಷಮಿಸಿ, ಅದು ಕೃತಕ ಕೈ!"

ತಾತ ಕೆಂಪಾದರು. ದನಿ ತಗ್ಗಿಸಿ, "ಗೊತ್ತು ಸೆನ್ಸೆ" ಎಂದರು. ಇಲ್ಲಿ ಮೇಷ್ಟ್ರು, ಡಾಕ್ಟರು, ಪರೀಕ್ಷಕರು ಎಲ್ಲರೂ ಸೆನ್ಸೆಯೇ. "ಅವರಾಗಿಯೇ ಕೊಟ್ಟ ಕೈ. ಇದು ಬೇಡ, ಇನ್ನೊಂದು ಕೊಡಿ ಅಂತ ಹೇಗೆ ಹೇಳೋದು?"

ನಾನು ಯುವಕನ ಕಡೆ ತಿರುಗಿ, ಒಳ್ಳೆಯ ಕೈ ಬಿಟ್ಟು ಇದನ್ನೇಕೆ ಕೊಟ್ಟಿರಿ ಎಂದು ಕೇಳಿದೆ. ಜ್ವರ ಮುಚ್ಚಿಡುತ್ತಿದ್ದಾನೆ ಎಂದೇ ನನ್ನ ಲೆಕ್ಕ.

ಅವನು ಎಡಗೈಯನ್ನು ಜೇಬಿನೊಳಗೆ ಇನ್ನಷ್ಟು ತುರುಕಿಕೊಂಡು ಹೇಳಿದ, "ಹೊರಗೆ ತುಂಬಾ ಚಳಿ ಸೆನ್ಸೆ. ಇದಕ್ಕಾದ್ರೆ ಚಳಿ ಆಗಲ್ಲ."

ಕಾಣದವರು ಕಂಡದ್ದು

ಆ ಭವನದಲ್ಲಿ ಶೂ ಬಿಚ್ಚಿ ಒಳಗಿನ ಚಪ್ಪಲಿ ಹಾಕಿಕೊಳ್ಳಬೇಕು. ಟಾಯ್ಲೆಟ್ಟಿನ ಬಾಗಿಲಲ್ಲಿ ಬೇರೆಯೇ ಚಪ್ಪಲಿ. ಅದನ್ನು ಅಲ್ಲೇ ಹಾಕಿ ಅಲ್ಲೇ ಬಿಡಬೇಕು. ಹೊರಗೆ ತಂದರೆ ಇಡೀ ಜಪಾನಿನ ಮಡಿ ಹಾಳಾಗುತ್ತದೆ.

ಅಂದು ಮಧ್ಯಾಹ್ನ ಕಾರಿಡಾರಿನಲ್ಲಿ ನಾನು, ತಾತನ ಪುಸ್ತಕದ ಸುಳ್ಳು ಹಿಡಿದೆನೆಂದು ಬೀಗುತ್ತಾ ಹೋಗುತ್ತಿದ್ದೆ. ಬೆಂಚಿನ ಮೇಲೆ ದೃಷ್ಟಿ ಇಲ್ಲದ ಗುಂಪಿನ ಒಬ್ಬರು ಕೂತಿದ್ದರು. ಇವರಿಗೆ ಬೆಳಕು ಕತ್ತಲೆಯೂ ಗೊತ್ತಾಗುವುದಿಲ್ಲವೆಂದು ದಾಖಲೆ ಇತ್ತು. ಮುಂದೆ ಜಾರುವ ಮಾರ್ಗದರ್ಶಿಯ ದನಿ ಕೇಳಿಕೊಂಡು ಇಳಿಜಾರು ಇಳಿಯುವವರು. ನಾನು ಹತ್ತಿರ ಬರುತ್ತಿದ್ದಂತೆ ಅವರು ಎದ್ದು ನಿಂತು, "ಸೆನ್ಸೆ, ಬಹಳ ಕ್ಷಮಿಸಬೇಕು. ತಮ್ಮ ಕಾಲಲ್ಲಿ ಟಾಯ್ಲೆಟ್ ಚಪ್ಪಲಿ ಇದೆ" ಎಂದರು.

ನೋಡಿಕೊಂಡೆ. ಇತ್ತು. ಆದರೆ ನನಗೆ ನಾಚಿಕೆಯಾಗಲಿಲ್ಲ, ಪರಮಾನಂದವಾಯಿತು. ಸಿಕ್ಕಿಬಿದ್ದ ಕಳ್ಳ! ಅದೇ ಚಪ್ಪಲಿಯಲ್ಲಿ ಓಡಿ ನಮ್ಮ ತಂಡದ ಹಿರಿಯ ಡಾಕ್ಟರ ಕೋಣೆಗೆ ನುಗ್ಗಿದೆ. "ಡಾಕ್ಟರ್ ಸೆನ್ಸೆ, ಆ ಕುರುಡರಿಗೆ ಕಣ್ಣು ಕಾಣತ್ತೆ! ನನ್ನ ಚಪ್ಪಲಿ ಬಣ್ಣ ನೋಡಿ ಹೇಳಿದರು!"

ಡಾಕ್ಟರು ಅರವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ. ಎದ್ದು ಬಂದು ಆ ಕ್ರೀಡಾಪಟುವನ್ನೇ ಕೇಳಿದರು. ಅವರು ಸಂಕೋಚದಿಂದ ಹೇಳಿದರು, "ಬಣ್ಣ ಗೊತ್ತಿಲ್ಲ. ಒಳಗಿನ ಚಪ್ಪಲಿ ಬಟ್ಟೆಯದು, ಸದ್ದಾಗಲ್ಲ. ಟಾಯ್ಲೆಟ್ಟಿನದು ಪ್ಲಾಸ್ಟಿಕ್, ಪಟಪಟ ಅನ್ನತ್ತೆ. ಸೆನ್ಸೆ ಬೆಳಿಗ್ಗೆಯಿಂದ ಅದರಲ್ಲೇ ಓಡಾಡ್ತಾ ಇದ್ದಾರೆ."

ನನ್ನ ಮುಖ ಮಾಸ್ಕಿನೊಳಗೆ ಬಿಸಿಯಾಯಿತು. ಬೆಳಿಗ್ಗೆಯಿಂದ ಕಣ್ಣಿರುವವರೇ ಎಷ್ಟೊಂದು ಜನ ನನ್ನೆದುರು ಓಡಾಡಿದ್ದರು. ಡಾಕ್ಟರನ್ನು ಕೇಳಿದೆ, "ನೀವೂ ನೋಡಿರಲಿಲ್ಲವೇ?"

"ನೋಡಿದ್ದೆ" ಎಂದರು ಡಾಕ್ಟರು. "ನಿಮ್ಮ ದೇಶದ ಸಂಪ್ರದಾಯ ಇರಬಹುದು ಅಂತ ಗೌರವದಿಂದ ಸುಮ್ಮನಿದ್ದೆ."

ಮೇಲಿನ ಶೆಲ್ಫು

ಇಷ್ಟಾದರೂ ಬುದ್ಧಿ ಬರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆ ಹೊತ್ತಿಗೇ ಬಂದದ್ದು ತೋಫು, ಅಂದರೆ ಸೋಯಾ ಪನೀರು, ಮಾರುವ ಅಂಗಡಿ ಯಜಮಾನರ ಅರ್ಜಿ.

ಯಜಮಾನರಿಗೆ ಐವತ್ತು ದಾಟಿತ್ತು. ಎಷ್ಟೋ ವರ್ಷಗಳ ಹಿಂದೆ ಮನೆಯ ಮಾಡಿನ ಮೇಲಿನ ಹಿಮ ಗುಡಿಸುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿತ್ತು. ಒಂದೇ ಹಲಗೆಯ ಮೇಲೆ ಕೂರಿಸಿದ ಬಕೆಟ್ಟಿನಂಥ ಸೀಟಿನಲ್ಲಿ ಕೂತು ಜಾರುತ್ತಿದ್ದರು. ಕೂತು ಜಾರುವವರಲ್ಲಿ ಹತ್ತು, ಹನ್ನೊಂದು, ಹನ್ನೆರಡು ಎಂದು ವರ್ಗ. ಹೊಟ್ಟೆ ಬೆನ್ನುಗಳ ಹಿಡಿತ ಚೆನ್ನಾಗಿರುವವರು ಹನ್ನೆರಡು, ಹಿಡಿತವೇ ಇಲ್ಲದವರು ಹತ್ತು. ಯಜಮಾನರು ಮೊದಲಿನಿಂದಲೂ ಹನ್ನೆರಡು, ಮತ್ತು ಮೊದಲಿನಿಂದಲೂ ಕಟ್ಟಕಡೆಯವರು. "ಇವರ ವರ್ಗ ತಪ್ಪಾಗಿದೆ, ಮತ್ತೆ ನೋಡಿ" ಎಂದು ಅವರ ಕೋಚ್ ಅರ್ಜಿ ಹಾಕಿದ್ದರು. ಆ ವಾರವೇ ತಂಡದ ಪಟ್ಟಿ ಮುಗಿಯುವುದಿತ್ತು. ಹತ್ತಕ್ಕೆ ಇಳಿದರೆ ತಂಡದಲ್ಲಿ ಜಾಗ. ಹನ್ನೆರಡಲ್ಲೇ ಉಳಿದರೆ ಇಲ್ಲ, ಮತ್ತು ಈ ವಯಸ್ಸಿನಲ್ಲಿ ಮುಂದಿನ ವರ್ಷವೆಂಬುದೂ ಇಲ್ಲ ಎಂದು ಕೋಚ್ ಯಜಮಾನರಿಗೆ ಹೇಳಿಯಾಗಿತ್ತು.

ಪಟ್ಟಿ ಮುಗಿಯುವ ವಾರ ಇದ್ದಕ್ಕಿದ್ದಂತೆ ಹೊಟ್ಟೆಯ ಶಕ್ತಿ ಹೋಗುತ್ತದೆಯೇ? ನನ್ನ ಕಿವಿ ನೆಟ್ಟಗಾಯಿತು.

ಅಂದು ಸಂಜೆ ಹತ್ತಿರದ ಕೊಂಬಿನಿಗೆ, ಅಂದರೆ ಮೂಲೆಯ ದಿನಪೂರ್ತಿ ಅಂಗಡಿಗೆ, ಅನ್ನದ ಉಂಡೆ ತರಲು ಹೋದೆ. ಯಜಮಾನರು ಅಲ್ಲೇ ಇದ್ದರು. ಗಾಲಿಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಕೈಯನ್ನು ಮೇಲಿನ ಶೆಲ್ಫಿಗೆ ಚಾಚಿ, ಚಹಾದ ಬಾಟಲಿ ತೆಗೆದುಕೊಂಡು, ನೆಟ್ಟಗೆ ವಾಪಸು ಕೂತರು. ಹೊಟ್ಟೆಯಲ್ಲಿ ಶಕ್ತಿ ಇಲ್ಲದವರು ಹಾಗೆ ಬಾಗಿದರೆ ಅಕ್ಕಿ ಮೂಟೆಯ ಹಾಗೆ ಉರುಳಬೇಕು.

ನಾನು ಪತ್ರಿಕೆಗಳ ಸ್ಟ್ಯಾಂಡಿನ ಹಿಂದೆ ಸರಿದು ಕಾದೆ. ಅವರು ಮೊಸರು ತೆಗೆದರು, ಬಿಸ್ಕೆಟ್ ತೆಗೆದರು. ನಾನು ಮಾಸ್ಕು, ಟೋಪಿ, ಉದ್ದನೆ ಕೋಟಿನಲ್ಲಿ ಇಣುಕುತ್ತಲೇ ಇದ್ದೆ. ಕೊನೆಗೆ ಅಂಗಡಿಯ ಹುಡುಗಿ ನನ್ನ ಪಕ್ಕಕ್ಕೆ ಬಂದು, "ಏನಾದರೂ ಸಹಾಯ ಬೇಕಾಗಿತ್ತೇ?" ಎಂದು ಅನುಮಾನದಿಂದ ಕೇಳಿದಳು. ಕೈಗೆ ಸಿಕ್ಕಿದ ಮೀನು ಹಿಡಿಯುವ ಪತ್ರಿಕೆ ಕೊಂಡು ಹೊರಬಿದ್ದೆ.

ಬೆಳಿಗ್ಗೆ ಡಾಕ್ಟರಿಗೆ ಎಲ್ಲ ವರದಿ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಒಂದು ಕೈ ಬಾಟಲಿಯಲ್ಲಿತ್ತು. ಇನ್ನೊಂದು ಕೈ?"

ನಾನು ನೋಡಿರಲಿಲ್ಲ.

"ಕುರ್ಚಿಯ ಹಿಂದಿನ ಹಿಡಿಗೆ ಮೊಣಕೈ ಸಿಕ್ಕಿಸಿಕೊಂಡಿದ್ದರೆ ಯಾರೂ ಉರುಳುವುದಿಲ್ಲ" ಎಂದರು. ಆಮೇಲೆ, "ಯಜಮಾನರು ಈಗ ತಾನೇ ನನ್ನ ಹತ್ತಿರ ಬಂದಿದ್ದರು. ನಿನ್ನೆ ಅಂಗಡಿಯಲ್ಲಿ ಅವರ ಕುರ್ಚಿ ಅಡ್ಡವಾಗಿ ನಿಮಗೆ ಅರ್ಧ ಗಂಟೆ ದಾರಿಯೇ ಸಿಗಲಿಲ್ಲವಂತೆ. ನಿಮ್ಮ ಕ್ಷಮೆ ಕೇಳಿದ್ದಾರೆ."

ಹೊಟ್ಟೆಯ ಬಟ್ಟೆ

ಪರೀಕ್ಷೆಯ ಕೋಣೆಯಲ್ಲಿ ನಾಲ್ಕೇ ಜನ: ಡಾಕ್ಟರು, ನಾನು, ಯಜಮಾನರು, ಮೂಲೆಯಲ್ಲಿ ಅವರ ಹೆಂಡತಿ. ಗಾಳಿ ಆಡಬೇಕೆಂದು ಕಿಟಕಿಗಳೆಲ್ಲ ತೆರೆದು, ಹಿಮದ ಚೂರು ಒಳಗೇ ಬೀಳುತ್ತಿತ್ತು. ನನಗೆ ಮಾಸ್ಕು, ಮುಖದ ಮೇಲೆ ಪ್ಲಾಸ್ಟಿಕ್ ಹಾಳೆ, ಕೈಗೆ ಗ್ಲೌಸು. ಬೇಕಾದ್ದಕ್ಕಿಂತ ಒಂದು ನಿಮಿಷ ಹೆಚ್ಚು ಮುಟ್ಟುವಂತಿಲ್ಲ.

ಯಜಮಾನರನ್ನು ಎತ್ತರದ ಬೆಂಚಿನ ಮೇಲೆ ಕೂರಿಸಿ ತೊಡೆಗೆ ಪಟ್ಟಿ ಬಿಗಿದೆವು. ಕಂಬದ ಹಾಗೆ ನೆಟ್ಟಗೆ ಕೂತರು. ಹೊಟ್ಟೆ ಒತ್ತಿ ನೋಡಿದೆ, ಹಲಗೆಯಷ್ಟು ಗಟ್ಟಿ. ಹೊಟ್ಟೆಯ ಶಕ್ತಿ ಹೋಗಿದೆಯಂತೆ! ಜೊತೆಗೆ ಅಂಗಿಯ ಕೆಳಗೆ ಏನೋ ಅಂಚು ಬೆರಳಿಗೆ ಸಿಕ್ಕಿತು. "ಒಳಗೆ ಏನೋ ಬಚ್ಚಿಟ್ಟಿದ್ದಾರೆ" ಎಂದು ಡಾಕ್ಟರ ಕಿವಿಯಲ್ಲಿ ಹೇಳಿದೆ, ಎರಡು ಮೀಟರ್ ದೂರದಿಂದ, ಅಂದರೆ ಎಲ್ಲರಿಗೂ ಕೇಳುವ ಹಾಗೆ.

ಯಜಮಾನರು ತಲೆ ತಗ್ಗಿಸಿ ತಾವೇ ಅಂಗಿ ಎತ್ತಿದರು. ಸೊಂಟದಿಂದ ಎದೆಯವರೆಗೆ ಬಿಳಿ ಬಟ್ಟೆ, ಸುತ್ತಿನ ಮೇಲೆ ಸುತ್ತು, ಬಿಗಿಯಾಗಿ. ಇಲ್ಲಿನ ಹಿರಿಯರು ಚಳಿಗೆ ಹೊಟ್ಟೆಗೆ ಬಟ್ಟೆ ಸುತ್ತಿಕೊಳ್ಳುವುದುಂಟು.

ಹೆಂಡತಿ ಮೂಲೆಯಿಂದ ಹೇಳಿದರು, "ಪರೀಕ್ಷೆ ಅಂದ್ರೆ ಪ್ರತಿ ಸಲ ಹೀಗೇ ಸೆನ್ಸೆ. ಬಟ್ಟೆ ಇಲ್ಲದಿದ್ರೆ ಅವರಿಗೆ ನೆಟ್ಟಗೆ ಕೂರಕ್ಕಾಗಲ್ಲ. ಸೆನ್ಸೆಯವರ ಮುಂದೆ ಕುಸಿದು ಕೂತ್ರೆ ಮರ್ಯಾದೆ ಅಲ್ಲ ಅಂತ ನನ್ನ ಕೈಲೇ ಬಿಗಿಯಾಗಿ ಕಟ್ಟಿಸಿಕೊಳ್ತಾರೆ."

"ಮೊದಲ ಸಲದ ಪರೀಕ್ಷೆಯಲ್ಲೂ?"

"ಆಗಂತೂ ಹೊಸ ಬಟ್ಟೆ ತಂದಿದ್ವಿ."

ಡಾಕ್ಟರು ಒಂದು ಕ್ಷಣ ಕಣ್ಣು ಮುಚ್ಚಿದರು. ಇಷ್ಟು ವರ್ಷ ಹನ್ನೆರಡನೇ ವರ್ಗದಲ್ಲಿ ಇದ್ದದ್ದು ಯಜಮಾನರಲ್ಲ, ಆ ಬಟ್ಟೆ.

ಬಿಚ್ಚಬೇಕಾಯಿತು. ಅಂತರ ಕಾಪಾಡಬೇಕೆಂದು ಡಾಕ್ಟರು ಬಟ್ಟೆಯ ತುದಿ ಹಿಡಿದು ಹಿಂದಕ್ಕೆ ಹೆಜ್ಜೆ ಇಡುತ್ತಾ ಹೋದರು. ನಾನು ಯಜಮಾನರ ಭುಜ ಹಿಡಿದು ನಿಂತೆ, ಹೆಂಡತಿ ಸುತ್ತು ಬಿಡಿಸುತ್ತಾ ಬಂದರು. ಗೋಡೆ ಬಂತು, ಬಟ್ಟೆ ಮುಗಿಯಲಿಲ್ಲ. ಡಾಕ್ಟರು ಬೆನ್ನಿನಿಂದಲೇ ಬಾಗಿಲು ತಳ್ಳಿಕೊಂಡು ಕಾರಿಡಾರಿಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ದೂರದಿಂದ ಅವರ ದನಿ ಕೇಳಿತು. "ಸುಮಿಮಾಸೆನ್, ಇನ್ನೂ ಇದೆಯೇ? ನಾನು ಶೂ ಕಪಾಟಿನ ಹತ್ತಿರ ಬಂದಿದ್ದೇನೆ."

ಕೊನೆಯ ನಮಸ್ಕಾರ

ಬಟ್ಟೆ ಹೋಯಿತು, ಈಗ ಸತ್ಯ ಹೊರಬರುತ್ತದೆ ಎಂದುಕೊಂಡೆ. "ಹಿಂದಕ್ಕೆ ನನ್ನ ಕೈ ಮೇಲೆ ಒರಗಿ, ಆಮೇಲೆ ಎದ್ದು ಬನ್ನಿ" ಎಂದೆ. ಅವರು ಒರಗಿದರು. "ಗಂಬಾತ್ತೆ!" ಎಂದು ಕೂಗಿದೆ. ಬಿಡಬೇಡಿ, ಪ್ರಯತ್ನ ಮಾಡಿ ಎಂದರ್ಥ. ಈ ದೇಶದಲ್ಲಿ ಪರೀಕ್ಷೆ ಬರೆಯುವವರಿಗೂ, ಹಲ್ಲು ಕೀಳಿಸಿಕೊಳ್ಳುವವರಿಗೂ ಎಲ್ಲರೂ ಅದನ್ನೇ ಹೇಳುತ್ತಾರೆ.

ಯಜಮಾನರು ಎದ್ದು ಬಂದೇ ಬಿಟ್ಟರು!

ಆದರೆ ನನ್ನ ಬೆರಳ ಕೆಳಗೆ ಹೊಟ್ಟೆಯ ಒಂದು ಎಳೆಯೂ ಅಲ್ಲಾಡಿರಲಿಲ್ಲ. ಇನ್ನೊಮ್ಮೆ ಮಾಡಿಸಿ, ಈ ಸಲ ಎರಡೂ ಕೈ ನೋಡಿದೆ. ಎಡಗೈ ಹೆಬ್ಬೆರಳನ್ನು ಪ್ಯಾಂಟಿನ ಬೆಲ್ಟ್ ಪಟ್ಟಿಗೆ ಸಿಕ್ಕಿಸಿ, ಯಾರಿಗೂ ಕಾಣದಂತೆ ತಮ್ಮನ್ನು ತಾವೇ ಎಳೆದುಕೊಳ್ಳುತ್ತಿದ್ದರು. ನನ್ನ ವೃತ್ತಿಜೀವನದ ಮೊದಲ ಮೋಸ! ಅದೂ ಉಲ್ಟಾ. ಶಕ್ತಿ ಇಲ್ಲದವರು ಇದೆ ಎಂದು ತೋರಿಸಲು ಮಾಡಿದ ಮೋಸ.

ನನ್ನ ಕೈಯ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು. "ಬೇಕೆಂದೇ ತಪ್ಪಾಗಿ ತೋರಿಸಿದರೇ? ಹೌದು, ಇಲ್ಲ." ಯಾವ ದಿಕ್ಕಿನಲ್ಲಿ ತಪ್ಪು ಎಂದು ಕೇಳಿರಲಿಲ್ಲ. ಹೌದು ಎಂದರೆ ಯಜಮಾನರು ಇಡೀ ಕ್ರೀಡೆಯಿಂದಲೇ ಹೊರಗೆ. ಆ "ಹೌದು" ಬರೆಯಲೆಂದೇ ತರಬೇತಿಯ ದಿನದಿಂದ ಕಾದಿದ್ದವಳು ನಾನು. ಪೆನ್ನು ಮುಂದಕ್ಕೆ ಹೋಗಲಿಲ್ಲ.

ಡಾಕ್ಟರು ಮೃದುವಾಗಿ, ಹೆಬ್ಬೆರಳು ಏಕೆ ಸಿಕ್ಕಿಸಿದಿರಿ ಎಂದು ಕೇಳಿದರು.

"ಸೆನ್ಸೆ ಗಂಬಾತ್ತೆ ಅಂದ್ರು" ಎಂದರು ಯಜಮಾನರು. "ಅಷ್ಟು ಪ್ರೀತಿಯಿಂದ ಹೇಳಿದ ಮೇಲೆ ಆಗಲ್ಲ ಅನ್ನಕ್ಕಾಗತ್ತಾ?"

ಡಾಕ್ಟರು ನನ್ನ ಕಡೆ ತಿರುಗಿದರು. "ಗಂಬಾತ್ತೆ ಅಂದವರು ಯಾರು?"

"ನಾನೇ."

"ನೀವು ಹೇಳಿದ ಹಾಗೆ ಅವರು ಮಾಡಿದ್ದಾರೆ."

ನನಗೆ ನಿಜವಾಗಿಯೂ ನಾಚಿಕೆಯಾಯಿತು. "ಇಲ್ಲ" ಎಂಬಲ್ಲಿ ಗುರುತು ಹಾಕಿದೆ.

ಡಾಕ್ಟರು ಈಗ ಬೇರೆ ದಾರಿ ಹಿಡಿದರು. "ಎರಡೂ ಕೈ ಎದೆಯ ಮೇಲೆ ಕಟ್ಟಿಕೊಳ್ಳಿ, ನಾನು ಹೇಳುವವರೆಗೆ ಬಿಡಬೇಡಿ. ಈ ಸಲ ದಯವಿಟ್ಟು ಏನೂ ಪ್ರಯತ್ನ ಮಾಡಬೇಡಿ. ಮೈ ಹೇಗೆ ಬೀಳುತ್ತದೋ ಹಾಗೆ ಬಿಡಿ. ಅರ್ಥವಾಯಿತೇ?"

"ಹೈ! ಆಗಲಿ!" ಎಂದು ಯಜಮಾನರು ಕೈ ಕಟ್ಟಿ ಗಲ್ಲ ಎತ್ತಿದರು. "ಪ್ರಯತ್ನ ಮಾಡದೇ ಇರೋದಕ್ಕೆ ನನ್ನ ಪೂರ್ತಿ ಪ್ರಯತ್ನ ಮಾಡ್ತೀನಿ!"

ಮಾಡಿದರು. ಕತ್ತು ಬೀಸಿದರು, ಭುಜ ಎಸೆದರು, ಹಲ್ಲು ಕಚ್ಚಿದರು, ಒಮ್ಮೆ ಅರ್ಧ ಎದ್ದರು, ಒಮ್ಮೆ ಮುಕ್ಕಾಲು. ಪ್ರತಿ ಸಲವೂ ಒಂದೊಂದು ಫಲಿತಾಂಶ. ಮೂಲೆಯಲ್ಲಿ ಹೆಂಡತಿ, "ಬಿಟ್ಟುಬಿಡಿ ಅಂದ್ರೆ, ಬಿಟ್ಟುಬಿಡೀಂದ್ರೆ" ಎಂದು ಕೈ ಹಿಸುಕಿಕೊಳ್ಳುತ್ತಿದ್ದರು. ಗೋಡೆಯ ಗಂಟೆ ಬಾರಿಸಿತು. ಕೊರೊನಾ ನಿಯಮದಂತೆ ಕೋಣೆ ಖಾಲಿ ಮಾಡುವ ಸಮಯ.

ಡಾಕ್ಟರು ನಿಟ್ಟುಸಿರುಬಿಟ್ಟರು. "ಬಹಳ ವಿಷಾದ. ನಮಗೆ ಖಚಿತವಾಗಿ ಏನೂ ಬರೆಯಲಾಗುತ್ತಿಲ್ಲ. ಅನುಮಾನ ಇದ್ದರೆ ಹಳೆಯ ವರ್ಗವೇ ಉಳಿಯಬೇಕು. ಹನ್ನೆರಡು."

ಹೆಂಡತಿ ಮುಖ ಆಚೆ ತಿರುಗಿಸಿ ಮಾಸ್ಕಿನ ಅಂಚಿನಿಂದ ಕಣ್ಣು ಒರೆಸಿಕೊಂಡರು. ಜೀವಮಾನದಲ್ಲಿ ಮೊದಲ ಸಲ ಒಬ್ಬರನ್ನು ಪೂರ್ತಿ ನಂಬಿದ್ದೆ, ಆ ಪುಣ್ಯಾತ್ಮರೇ ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಯಜಮಾನರು ಮಾತ್ರ ನಗುತ್ತಾ, "ನಿಮಗೆಲ್ಲ ತುಂಬಾ ತೊಂದರೆ ಕೊಟ್ಟೆ. ಅರಿಗಾತೋ ಗೊಝಾಯ್ಮಾಸು" ಎಂದು ಧನ್ಯವಾದ ಹೇಳಿ, ಕೈ ಕಟ್ಟಿಕೊಂಡಿದ್ದ ಹಾಗೆಯೇ, ತಲೆ ಬಾಗಿಸಿ ನಮಸ್ಕಾರ ಮಾಡಿದರು.

ಆಳವಾದ ನಮಸ್ಕಾರ. ಡಾಕ್ಟರು ತಕ್ಷಣ ಬಾಗಿದರು. ಅವರು ಬಾಗಿದ್ದರಿಂದ ನಾನೂ ಬಾಗಿದೆ. ನಾವಿಬ್ಬರೂ ಬಾಗಿದ್ದರಿಂದ ಹೆಂಡತಿ ಇನ್ನೂ ಕೆಳಕ್ಕೆ ಬಾಗಿದರು. ಇಲ್ಲಿನ ಪದ್ಧತಿಯಲ್ಲಿ ಎದುರಿನವರು ತಲೆ ಎತ್ತುವ ಮೊದಲು ನಾವು ಎತ್ತುವುದು ಒರಟುತನ. ಕಾದೆವು. ಯಜಮಾನರು ತಲೆ ಎತ್ತಲಿಲ್ಲ. ಅವರ ಹಣೆ ಮೊಣಕಾಲು ಮುಟ್ಟಿತ್ತು. ಅಷ್ಟು ವಿನಯಕ್ಕೆ ಸಾಲದೆಂದು ಡಾಕ್ಟರು ಇನ್ನೊಂದು ಗೇಣು ಬಾಗಿದರು. ಕಿಟಕಿಯಿಂದ ಹಿಮ ನನ್ನ ಕತ್ತಿನ ಮೇಲೆ ಬೀಳತೊಡಗಿತು. ಸೋತವರು ಇಷ್ಟೊಂದು ಕೃತಜ್ಞತೆ ತೋರಿಸುತ್ತಾರೆಯೇ? ಹಾಳು ಅನುಮಾನ ಮತ್ತೆ ತಲೆ ಎತ್ತಿತು. ಪ್ಲಾಸ್ಟಿಕ್ ಹಾಳೆಯ ಅಂಚಿನಿಂದ ಕಣ್ಣು ವಾರೆ ಮಾಡಿ ನೋಡಿದೆ. ಯಜಮಾನರ ಕಿವಿ ಕೆಂಪಾಗಿತ್ತು.

ಕೊನೆಗೆ ಹೆಂಡತಿ ಬಾಗಿದ್ದಲ್ಲಿಂದಲೇ ಬಹಳ ಸಂಕೋಚದಿಂದ, "ಸುಮಿಮಾಸೆನ್… ಅವರು ನಮಸ್ಕಾರ ಮಾಡ್ತಾ ಇಲ್ಲ. ಬಿದ್ದಿದ್ದಾರೆ" ಎಂದರು.

"ಇಲ್ಲ ಇಲ್ಲ, ನಾನು ಆರಾಮಾಗಿದ್ದೀನಿ!" ಎಂದು ಮೊಣಕಾಲ ನಡುವಿನಿಂದ ಯಜಮಾನರ ದನಿ ಬಂತು.

ಡಾಕ್ಟರು ತಲೆ ಎತ್ತದೆಯೇ ಮುಖ ಮಾತ್ರ ನನ್ನ ಕಡೆ ಹೊರಳಿಸಿದರು.

"ಬರೆದುಕೊಳ್ಳಿ. ಬಾಗಿದ ಮೇಲೆ ತಾನಾಗಿ ಏಳಲು ಆಗುವುದಿಲ್ಲ. ಹತ್ತನೇ ವರ್ಗ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಸ್ವಲ್ಪ ಬೇಗ ಬರೆಯಿರಿ, ನನಗೂ ಏಳಲು ಆಗುತ್ತಿಲ್ಲ."